ತೂಬಿಗೆ ಕಟ್ಟಿದ ರಿಬ್ಬನ್

‘‘ಅಮ್ಮಾರ, ಆ ಕತ್ರಿ ಕೊಡ್ರಿ ಇಲ್ಲಿ!’’ ಎಂದವಳೇ ಮಣ್ಣು ಹೊರುವ ಹನುಮಕ್ಕ ನನ್ನ ಕೈಯಲ್ಲಿದ್ದ ಬೆಳ್ಳಿ ತಟ್ಟೆಗೆ ಕೈ ಹಾಕಿದಳು.

ಅಂದು ಬಾದನಹಟ್ಟಿಯ ಹತ್ತಿರ, ಹಳ್ಳದ ನೆರೆ ತಡೆಯಲು ಹಾಕಿದ ಮಣ್ಣಿನ ಕಟ್ಟೆಯ ಉದ್ಘಾಟನೆ. ಬಳ್ಳಾರಿ ಇನ್ನೂ ಮದರಾಸಿಗೆ ಸೇರಿದ್ದ ಕಾಲವದು; ಮದರಾಸಿನ ಸಾಹೇಬರು ರಿಬ್ಬನ್ ಕತ್ತರಿಸಿದ ಮೇಲೆಯೇ ತೂಬು ತೆರೆದು ನೀರು ಬಿಡಬೇಕು. ಸಾಹೇಬರಿನ್ನೂ ಬಳ್ಳಾರಿಯಲ್ಲಿ ತಿಂಡಿ ತಿನ್ನುತ್ತಿದ್ದರು. ಹಿಂದಿನ ದಿನದ ಮಳೆಗೆ ನೀರು ಮಾತ್ರ ಕಟ್ಟೆಯ ನೆತ್ತಿಗೆ ಗೇಣು ದೂರದಲ್ಲಿತ್ತು.

‘‘ಏ, ಮುಟ್ಟಬ್ಯಾಡ! ಸಾಹೇಬ್ರು ಬಂದಿಲ್ಲ,’’ ಎಂದು ಓವರ್‌ಸಿಯರ್ ಆಗಿದ್ದ ನಮ್ಮ ಯಜಮಾನರು ಕೂಗಿದರು.

‘‘ನೀರು ಬಂದೈತಲ್ರಿ! ಕಟ್ಟಿ ಒಡದ್ರ ತೇಲಿ ಹೋಗೋದು ಕೆಳಗಿನ ನಮ್ಮ ಮನಿ, ನಿಮ್ಮ ಕಂಟೋನ್ಮೆಂಟ್ ಅಲ್ಲ.’’

ಅವಳು ರಿಬ್ಬನ್ ಕತ್ತರಿಸಿ, ನಾಲ್ಕು ಹೆಂಗಸರನ್ನು ಕರೆದು ತೂಬಿನ ಹಲಗೆ ಎತ್ತಿಸಿದಳು. ನೀರು ಇಳಿಯಿತು. ಮಧ್ಯಾಹ್ನ ಸಾಹೇಬರ ಜೀಪು ಕಾಣುತ್ತಲೇ ಯಜಮಾನರು ಹಲಗೆಯನ್ನು ಮತ್ತೆ ಇಳಿಸಿ, ರಿಬ್ಬನ್ನಿಗೆ ಗಂಟು ಹಾಕಿಸಿದರು. ಸಾಹೇಬರು ಗಂಟಿನ ಪಕ್ಕದಲ್ಲೇ ಕತ್ತರಿಸಿ, ಇಲಾಖೆಯ ಮುಂಜಾಗ್ರತೆಯನ್ನು ಬಹಳ ಹೊಗಳಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಹನುಮಕ್ಕ.

ಹಿರಿಯರು ಶುರು ಮಾಡುವ ತನಕ ಕಾಯಬೇಕೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಕತ್ತರಿ ನನ್ನ ಕೈಯಲ್ಲೇ ಇತ್ತು, ನೀರು ಏರುವುದನ್ನೂ ನೋಡುತ್ತಿದ್ದೆ. ಆದರೂ ಕಾದೆ. ಅದಕ್ಕೆ ಇಂದಿಗೂ ನಾಚುತ್ತೇನೆ.