ಕತ್ತುನೋವು ಇಳಿದ ಮೇಲೆ

ನನ್ನ ನಿವೃತ್ತಿಗೆ ಇನ್ನು ಮೂರು ವರ್ಷ ಇತ್ತು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಕತ್ತುನೋವಿನವರು ಎಷ್ಟು ಹೆಚ್ಚಿದ್ದರೆಂದರೆ, ಬಾಗಿಲು ದಾಟಿ ಬರುವಾಗಲೇ ಅವರ ತಲೆ ಎಷ್ಟು ಮುಂದಕ್ಕೆ ಬಾಗಿದೆ ಎಂದು ಕಣ್ಣಲ್ಲೇ ಅಳೆದುಬಿಡುತ್ತಿದ್ದೆ. ಅದು ನನಗೊಂದು ಹೆಮ್ಮೆ.

ಆ ವರ್ಷ ಜೂನ್‌ನಲ್ಲಿ ನಾಗರತ್ನಮ್ಮ ಬಂದರು. ನಲವತ್ತೇಳು ವರ್ಷ. ನಮ್ಮ ಮೈಸೂರಿನ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡುಗಳಿಗೆ ಚಿಕ್ಕ ಚಿಕ್ಕ ಬಿಡಿಭಾಗ ಕೂರಿಸುವ ಕೆಲಸ, ಹನ್ನೊಂದು ವರ್ಷದಿಂದ. ಎಂಟು ಗಂಟೆ ತಲೆ ತಗ್ಗಿಸಿ ಕೂರಬೇಕು. ಮಲಗುವಾಗ ಎರಡು ದಿಂಬು. ಕತ್ತಿನಿಂದ ಭುಜದವರೆಗೂ ನೋವು. ಹತ್ತರಲ್ಲಿ ಎಷ್ಟು ನೋವು ಎಂದು ಕೇಳಿದೆ.

“ಏಳು ಅನ್ಕೊಳಿ ಮೇಡಮ್,” ಎಂದರು.

ಕಾರಣ ಎದುರಿಗೇ ಇದೆ ಎನಿಸಿತು. ಗಲ್ಲವನ್ನು ಒಳಕ್ಕೆಳೆದು ಕಿವಿಯನ್ನು ಭುಜದ ನೇರಕ್ಕೆ ತರುವ ವ್ಯಾಯಾಮ ಕಲಿಸಿದೆ. ಅರ್ಧ ಗಂಟೆಗೊಮ್ಮೆ ತಲೆಯೆತ್ತಿ ಕೂರಲು, ಕವುಚಿ ಮಲಗದಿರಲು, ಒಂದೇ ತೆಳು ದಿಂಬು ಇಟ್ಟು ಕತ್ತಿನ ಕೆಳಗಿನ ಖಾಲಿ ಜಾಗಕ್ಕೆ ಟವೆಲ್ ಸುತ್ತಿಡಲು ಹೇಳಿದೆ. ಅವರು ಒಂದನ್ನೂ ಬಿಡಲಿಲ್ಲ. ಸೂಪರ್‌ವೈಸರ್ ಬಳಿ ಹೇಳಿ ಬೋರ್ಡಿನ ಕೆಳಗೆ ಓರೆ ಹಲಗೆಯನ್ನೂ ಇಡಿಸಿಕೊಂಡರು. ಐದು ವಾರದಲ್ಲಿ ನೋವು ಏಳರಿಂದ ಎರಡಕ್ಕೆ ಇಳಿಯಿತು. ಕಾರ್ಡಿನಲ್ಲಿ ‘ಉತ್ತಮ ಪ್ರಗತಿ’ ಎಂದು ಬರೆದೆ.

ಆರನೇ ವಾರ ಅವರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದರು.

“ಇನ್ನೊಂದೆಲ್ಲಿ?” ಎಂದೆ.

ಅವರು ಬಗ್ಗಿ ಕಾಲು ನೋಡಿಕೊಂಡರು. “ಎಲ್ಲಿ ಬಿದ್ದೋಯ್ತೋ. ಬಸ್ಸಲ್ಲೇ ಇರ್ಬೇಕು.”

ಬಸ್ ಸ್ಟಾಪಿನಿಂದ ನಮ್ಮ ವಿಭಾಗಕ್ಕೆ ಹತ್ತು ನಿಮಿಷದ ನಡಿಗೆ, ದಾರಿಯುದ್ದಕ್ಕೂ ಜಲ್ಲಿ. ನಾನು ಅವರನ್ನು ಮಲಗಿಸಿ ಮಂಡಿಯ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದೆ. ಕಾಲು ಬೇಕಾದ್ದಕ್ಕಿಂತ ಜೋರಾಗಿ ಚಿಮ್ಮಿತು. ಕೈಯ ನಡುಬೆರಳಿನ ಉಗುರನ್ನು ಚಿಮ್ಮಿದಾಗ ಹೆಬ್ಬೆರಳು ತಾನಾಗಿ ಒಳಕ್ಕೆ ಮಡಚಿತು. ಹಾಗೆ ಮಡಚಬಾರದು.

“ಕೈ ಜೋಮು ಹಿಡಿಯುತ್ತಾ?”

“ಹೂಂ ಮೇಡಮ್. ಯುಗಾದಿಯಿಂದಾನೂ ಅಂಗೇ. ರವಿಕೆ ಹುಕ್ಕು ನಮ್ ಅತ್ತಿಗೆ ಆಕ್ಕೊಡ್ತಾರೆ.”

“ನನಗೆ ಯಾಕೆ ಹೇಳಲಿಲ್ಲ?”

“ನೀವು ನೋವು ಎಷ್ಟು ಅಂತ ಕೇಳುದ್ರಿ. ಜೋಮು ಕೇಳ್ಲಿಲ್ಲ.”

ಅವರ ದನಿಯಲ್ಲಿ ದೂರು ಇರಲಿಲ್ಲ.

ಇದಕ್ಕೆ ಸರ್ವೈಕಲ್ ಮೈಯಲೋಪತಿ ಎನ್ನುತ್ತಾರೆ. ಕತ್ತಿನ ಮೂಳೆ, ಡಿಸ್ಕ್‌ಗಳು ಬೆನ್ನುಹುರಿಯನ್ನೇ ಒತ್ತುವ ಸ್ಥಿತಿ. ಕೂರುವ ಭಂಗಿ ತಿದ್ದಿದರೆ ಸ್ನಾಯುಗಳ ನೋವು ಇಳಿಯಬಹುದು, ಈ ಒತ್ತಡ ಇಳಿಯುವುದಿಲ್ಲ. ಅವತ್ತೇ ಎಂಆರ್‌ಐ ಮಾಡಿಸಿದೆವು. ಎರಡು ಕಡೆ ಒತ್ತಿತ್ತು. ಶಸ್ತ್ರಚಿಕಿತ್ಸಕರು ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಮೊದಲೇ ಕಳಿಸಿದ್ರೆ ಚೆನ್ನಾಗಿತ್ತು ಮೇಡಮ್. ಎಷ್ಟು ವ್ಯತ್ಯಾಸ ಆಗ್ತಿತ್ತು ಅಂತ ಹೇಳಕ್ಕಾಗಲ್ಲ.”

ನನಗೆ ಅಳು ಬರಲಿಲ್ಲ. ಭಯವೂ ಆಗಲಿಲ್ಲ. ಅವತ್ತಿನ ಉಳಿದ ನಾಲ್ಕು ರೋಗಿಗಳನ್ನು ನೋಡಿದೆ. ಡಬ್ಬಿಯಲ್ಲಿದ್ದ ಮೊಸರನ್ನ ತಿಂದೆ. ಅದರ ರುಚಿ ನೆನಪಿಲ್ಲ. ಎಷ್ಟೋ ದಿನ ಹಾಗೇ ಇದ್ದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಆಪರೇಷನ್ ಆದ ಮೇಲೆ ಅವರು ವ್ಯಾಯಾಮಕ್ಕೆ ಮತ್ತೆ ನಮ್ಮಲ್ಲಿಗೇ ಬಂದರು. ಬೇರೆಯವರ ಬಳಿ ಕಳಿಸುತ್ತೇನೆ ಎಂದೆ, ಬೇಡವೆಂದರು. “ಮೊದಲ ದಿನವೇ ಕೇಳಬೇಕಿತ್ತು ನಾಗರತ್ನಮ್ಮ. ತಪ್ಪು ನನ್ನದು,” ಎಂದೆ.

“ಜೋಮಿಗೆಲ್ಲ ಯಾರ್ ಆಸ್ಪತ್ರೆಗೆ ಬತ್ತಾರೆ ಅಂತ ನಾನೂ ಸುಮ್ಕಿದ್ದೆ. ಈಗ ಏನ್ ಮಾಡ್ಬೇಕು ಹೇಳಿ, ಮಾಡ್ತೀನಿ.”

ನಾಲ್ಕು ತಿಂಗಳಲ್ಲಿ ನಡಿಗೆ ಸರಿಹೋಯಿತು. ಹುಕ್ಕು ತಾವೇ ಹಾಕಿಕೊಳ್ಳುವಂತಾದರು. ಆದರೆ ಬೋರ್ಡಿನ ಕೆಲಸ ಆಗಲಿಲ್ಲ. ಕಾರ್ಖಾನೆಯವರು ಪ್ಯಾಕಿಂಗಿಗೆ ಹಾಕಿದರು. ಕೊನೆಯ ದಿನ ಕಣ್ಣು ಮುಚ್ಚಿಸಿ, ಬಲಗೈ ಬೆರಳುಗಳ ತುದಿಯನ್ನು ಹತ್ತಿಯಿಂದ ಸವರುತ್ತಿದ್ದೆ.

“ಶುರು ಮಾಡುದ್ರಾ ಮೇಡಮ್?” ಎಂದು ಕೇಳಿದರು.

ಮಾಡಿದ್ದೇನೆ ಎಂದು ಹೇಳಿ, ಕಾರ್ಡಿನಲ್ಲಿ ಬರೆದುಕೊಂಡೆ.

ಆಮೇಲೆ ನಿವೃತ್ತಿಯವರೆಗೂ ಯಾರ ಕತ್ತನ್ನೂ ಮುಟ್ಟುವ ಮೊದಲು ಕೇಳುತ್ತಿದ್ದೆ: ಗುಂಡಿ ಹಾಕಲು ಆಗುತ್ತದೆಯೇ, ಕಾಲಿಗೆ ನೆಲ ಮುಟ್ಟಿದ್ದು ತಿಳಿಯುತ್ತದೆಯೇ, ಕೈಯಿಂದ ವಸ್ತು ಜಾರುತ್ತದೆಯೇ. ಕಿರಿಯರಿಗೂ ಅದನ್ನೇ ಕಲಿಸಿದೆ. ನೋಯುವುದನ್ನು ರೋಗಿಗಳು ತಾವಾಗಿ ಹೇಳುತ್ತಾರೆ. ತಿಳಿಯದೆ ಹೋಗಿರುವುದನ್ನು ನಾವೇ ಕೇಳಬೇಕು.