ನಲವತ್ತಮೂರನೆಯ ಲೆಕ್ಕ

ಸರ್ವಮಂಗಳ, ಮಿರ್ಲೆ ಎಂಬ ಊರಿನ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಪಾಠ ಮಾಡಿದವರು. ಶಿಕ್ಷಕರ ತರಬೇತಿಯ ಟಿ.ಸಿ.ಎಚ್. ಮಾಡಿದ್ದರು, ಅದರ ಮೇಲೆ ಓದಿರಲಿಲ್ಲ. ಅವರ ಇಪ್ಪತ್ತಾರನೆಯ ವಯಸ್ಸಿಗೇ ಗಂಡ ತೀರಿಕೊಂಡಿದ್ದರು. ಮರುಕ ಹುಟ್ಟಿಸಲೆಂದು ಇದನ್ನು ಹೇಳುತ್ತಿಲ್ಲ. ಮುಂದೆ ಬರುವ ಲೆಕ್ಕಕ್ಕೆ ಈ ವಿವರ ಬೇಕು.

ಎಣಿಕೆಯ ಲೆಕ್ಕಗಳನ್ನು ಹೊಸೆಯುವುದು ಅವರ ಗೀಳು. ಪಠ್ಯಪುಸ್ತಕದ ಲೆಕ್ಕಗಳಲ್ಲ, ಕಣ್ಣೆದುರು ಸಿಗುವಂಥವು. ನಾಲ್ಕು ಮಕ್ಕಳನ್ನು ಒಂದು ಬೆಂಚಿನ ಮೇಲೆ ಕೂರಿಸಬೇಕು, ಜಗಳವಾಡಿದ ಇಬ್ಬರು ಅಕ್ಕಪಕ್ಕ ಬರಬಾರದು, ಎಷ್ಟು ರೀತಿಯಲ್ಲಿ ಕೂರಿಸಬಹುದು? ಮಕ್ಕಳು ಎದ್ದು, ಕೂತು, ಜಾಗ ಬದಲಿಸಿ ಹನ್ನೆರಡು ಎಂದು ಕಂಡುಕೊಳ್ಳುತ್ತಿದ್ದರು. ಒಮ್ಮೆ ಸುಧಾ ಎಂಬ ಹುಡುಗಿ, "ಇಬ್ರಿಗೂ ರಾಜಿ ಮಾಡ್ಸಿಬುಟ್ರೆ ಇಪ್ಪತ್ನಾಕು ಆಯ್ತದೆ ಮಿಸ್," ಎಂದಳಂತೆ. ಅದೂ ಅವರು ಲೆಕ್ಕ ಬರೆದಿಡುತ್ತಿದ್ದ ನೋಟ್‌ಬುಕ್ಕಿಗೆ ಸೇರಿತು.

ಅದೇ ಶಾಲೆಯ ಶಿಕ್ಷಕಿ ಪುಷ್ಪಾ, ಸರ್ವಮಂಗಳ ಅವರಿಗಿಂತ ಆರು ವರ್ಷ ಚಿಕ್ಕವಳು. ಇಬ್ಬರೂ ಕೆ.ಆರ್. ನಗರದಿಂದ ಹದಿನಾಲ್ಕು ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿದವರು. ಮೊದಲು ಹತ್ತಿದವಳು ಇನ್ನೊಬ್ಬಳಿಗೆಂದು ಸೀಟಿನ ಮೇಲೆ ಬ್ಯಾಗ್ ಇಡುತ್ತಿದ್ದಳು. ೧೯೯೯ರಲ್ಲಿ ನೂರು ಲೆಕ್ಕ ತುಂಬಿದಾಗ ಸರ್ವಮಂಗಳ ತಮ್ಮ ಆಸೆಯನ್ನು ಹೇಳಿಕೊಂಡದ್ದು ಪುಷ್ಪಾಳ ಹತ್ತಿರವೇ. ಒಂದು ಪುಸ್ತಕ, ಅದರ ಮೇಲೆ ತಮ್ಮ ಹೆಸರು. ಬೇರೇನೂ ಬೇಕಿರಲಿಲ್ಲ.

"ಕೊಡು ಮಂಗಳಕ್ಕ, ನಮ್ಮ ಮೈದುನನ ಪ್ರೆಸ್ಸಲ್ಲಿ ಹಾಕ್ಸಣ," ಎಂದಳು ಪುಷ್ಪಾ. "ಮೊದ್ಲು ನಾನು ನೀಟಾಗಿ ಬರ್ಕೊಡ್ತೀನಿ. ನಿನ್ನ ಅಕ್ಷರ ಕೋಳಿ ಕೆದರಿದಂಗದೆ."

"ಬರ್ಕೊಳ್ಳೆ ತಾಯಿ. ಲೆಕ್ಕ ಮಾತ್ರ ತಿದ್ದಕ್ಕೋಗ್ಬೇಡ."

"ತಿದ್ದಕ್ಕೆ ನಂಗೆ ಬಂದ್ರೆ ತಾನೆ."

ನಾನು ಆಗ ಮೈಸೂರಿನ ಕಾಲೇಜಿನಿಂದ ನಿವೃತ್ತಳಾಗಿ ಕೆ.ಆರ್. ನಗರದಲ್ಲಿದ್ದೆ. ಗಣಿತ ಕಲಿಸಿದವಳೆಂದು ಪ್ರೆಸ್ಸಿನ ಮಲ್ಲೇಶ್, ಅಂದರೆ ಆ ಮೈದುನ, ಉತ್ತರಗಳನ್ನು ಪರಿಶೀಲಿಸಲು ಹಸ್ತಪ್ರತಿಯೊಂದನ್ನು ತಂದುಕೊಟ್ಟ. ಮೇಲೆ 'ಪುಷ್ಪಾ, ಶಿಕ್ಷಕಿ' ಎಂದಿತ್ತು. ಸರ್ವಮಂಗಳ ಎಂಬ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.

ತೊಂಬತ್ತೊಂಬತ್ತು ಉತ್ತರ ಸರಿಯಿದ್ದವು. ನಲವತ್ತಮೂರನೆಯ ಲೆಕ್ಕ ಹೀಗಿತ್ತು: 'ಗೌರಿ ಹಬ್ಬಕ್ಕೆ ಒಂದು ಮನೆಯಲ್ಲಿ ಹತ್ತು ಜನ ಹೆಂಗಸರು ಸೇರಿದ್ದರು. ಪದ್ಧತಿಯಂತೆ ಒಬ್ಬರಿಗೊಬ್ಬರು ಕುಂಕುಮ ಇಟ್ಟರು. ಒಟ್ಟು ಎಷ್ಟು ಸಲ ಇಟ್ಟಂತಾಯಿತು?' ಉತ್ತರ, ಎಪ್ಪತ್ತೆರಡು. ಹತ್ತು ಜನರಲ್ಲಿ ಒಬ್ಬೊಬ್ಬರೂ ಒಂಬತ್ತು ಜನರಿಗೆ ಇಟ್ಟರೆ ತೊಂಬತ್ತಾಗಬೇಕು. ನಾನು ಕೆಂಪು ಶಾಯಿಯಲ್ಲಿ ಎಪ್ಪತ್ತೆರಡನ್ನು ಹೊಡೆದು ತೊಂಬತ್ತು ಮಾಡಿ, ಪಕ್ಕದಲ್ಲಿ 'ಅಜಾಗರೂಕತೆ' ಎಂದೂ ಬರೆದೆ.

ಪುಸ್ತಕ ೨೦೦೦ದ ಜೂನಿನಲ್ಲಿ ಬಂತು. ಹೆಡ್‌ಮಾಸ್ತರ್ ಗಂಗಾಧರಪ್ಪ ಅದನ್ನು ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟು, "ನಮ್ಮ ಪುಷ್ಪಾ ಮೇಡಂ ಪುಸ್ತಕ ಬರ್ದವ್ರೆ, ನೋಡಿ," ಎಂದರು. ಸರ್ವಮಂಗಳ ಮುಖಪುಟ ನೋಡಿದರು. ಒಳಗೆ ಒಂದೇ ಒಂದು ಲೆಕ್ಕವನ್ನು ಹುಡುಕಿ ಓದಿ ಮುಚ್ಚಿಟ್ಟರು. ಸಂಜೆ ಬಸ್ಸಿನಲ್ಲಿ ಪುಷ್ಪಾ ಎಂದಿನಂತೆ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟಿದ್ದಳು. ಸರ್ವಮಂಗಳ ನಿಂತೇ ಇದ್ದರು.

"ಒಳಗೆ ನಿನ್ನೆಸ್ರು ಅದೆ ಕಣಕ್ಕ," ಎಂದಳು ಪುಷ್ಪಾ. "ಸಹಕಾರ ನೀಡಿದವರು ಅಂತ. ಮೂರನೇದು."

"ನಲವತ್ಮೂರನೇ ಲೆಕ್ಕದಲ್ಲಿ ಒಂದು ಸಾಲು ಇಲ್ಲ."

"ಅದು ನಮ್ಮನೆ ಮಾತು. ಅಚ್ಚಾಕ್ಸಿದ್ರೆ ಜನ ಏನಂದ್ಕತಾರೆ?"

"ಉತ್ತರ?"

"ಅದನ್ನ ತಿದ್ದಿದ್ದು ಯಾರೋ ದೊಡ್ಡ ಮೇಡಂ. ನಾನಲ್ಲ."

ಆ ಭಾನುವಾರ ಸರ್ವಮಂಗಳ ಪ್ರೆಸ್ಸಿನಲ್ಲಿ ವಿಳಾಸ ಕೇಳಿಕೊಂಡು, ನೋಟ್‌ಬುಕ್ ಹಿಡಿದು ನನ್ನ ಮನೆಗೆ ಬಂದರು. ಅದನ್ನು ಪುಷ್ಪಾ ಹಿಂದಿರುಗಿಸಿದ್ದಳು. ಅಷ್ಟರ ಮಟ್ಟಿಗೆ ಪ್ರಾಮಾಣಿಕಳು.

"ತಿದ್ದಿದೋರು ನೀವೇನಾ ಮೇಡಂ?"

ಹೌದೆಂದೆ. ಅವರು ಪುಟ ತೆರೆದು ತೋರಿಸಿದರು. 'ಒಂದು ಮನೆ' ಇದ್ದ ಕಡೆ 'ಪುಷ್ಪಾಳ ಮನೆ' ಎಂದಿತ್ತು. ಪ್ರಶ್ನೆಗೆ ಮೊದಲು ಹಸ್ತಪ್ರತಿಯಲ್ಲಿ ಇಲ್ಲದ ಒಂದು ಸಾಲಿತ್ತು: 'ಹತ್ತನೆಯವಳು ನಾನು.'

"ನಾನು ಅಡಿಗೆಮನೆ ಬಾಗ್ಲತ್ರ ಕೂತಿದ್ದೆ," ಎಂದರು. "ನಂಗ್ಯಾರೂ ಇಡ್ಲಿಲ್ಲ, ನಾನೂ ಯಾರ್ಗೂ ಇಡಂಗಿರ್ಲಿಲ್ಲ. ಸುಮ್ಕೆ ಕೂತು ಏನ್ಮಾಡದು? ಎಣಿಸ್ದೆ. ಒಂಬತ್ತೆಂಟ್ಲ ಎಪ್ಪತ್ತೆರಡು."

ಲೆಕ್ಕ ಸರಿಯಿತ್ತು. ತಪ್ಪಿದವಳು ನಾನು. ಆದರೆ ನಾನು ತಿಳಿಯದೆ ತಪ್ಪಿದೆ. ಪುಷ್ಪಾ ಆ ದಿನ ಕುಂಕುಮದ ಬಟ್ಟಲು ಹಿಡಿದು ಓಡಾಡಿದವಳು. ಎಪ್ಪತ್ತೆರಡು ಏಕೆಂದು ಅವಳಿಗೆ ಗೊತ್ತಿತ್ತು. ನನ್ನ ಕೆಂಪು ಶಾಯಿ ನೋಡಿದಾಗ ಹೇಳಬಹುದಿತ್ತು. ಹೇಳಿದರೆ ಲೆಕ್ಕ ಯಾರದೆಂದೂ ಹೇಳಬೇಕಾಗುತ್ತಿತ್ತು. ಅವಳು ತೊಂಬತ್ತನ್ನು ಒಪ್ಪಿಕೊಂಡಳು.

ಹೆಸರಿನ ವಿಷಯವಾಗಿ ಪ್ರೆಸ್ಸಿಗೆ ಪತ್ರ ಬರೆಯುತ್ತೇನೆ ಎಂದೆ.

"ಬರೀರಿ. ಉತ್ತರದ್ದೂ ಬರೀರಿ," ಎಂದು ಅವರು ಎದ್ದರು. ಕಾಫಿ ಕುಡಿಯಲಿಲ್ಲ.

ಲೇಖಕಿಯ ಹೆಸರು ಬದಲಾಗಬೇಕು, ಬಿಟ್ಟ ಸಾಲು ಸೇರಬೇಕು, ನನ್ನ ತಿದ್ದುಪಡಿ ತಪ್ಪು ಎಂದು ಎರಡು ಪುಟ ಬರೆದೆ. ಎರಡನೆಯ ಮುದ್ರಣದಲ್ಲಿ ಸರಿಪಡಿಸುವುದಾಗಿ ಮಲ್ಲೇಶ್ ಕೈಮುಗಿದು ಹೇಳಿದ. ಸರ್ವಮಂಗಳ ಬೆಳಗಿನ ಬಸ್ಸು ಬದಲಿಸಿ, ಅರ್ಧ ಗಂಟೆ ಮೊದಲಿನದಕ್ಕೆ ಹೋಗತೊಡಗಿದರು.

ಎರಡನೆಯ ಮುದ್ರಣ ೨೦೦೩ರಲ್ಲಿ ಬಂತು. ಮುಖಪುಟದ ಮೇಲೆ ಪುಷ್ಪಾಳ ಹೆಸರೇ ಇತ್ತು. ಸಹಕಾರ ನೀಡಿದವರ ಪಟ್ಟಿಯಲ್ಲಿ ಮೂರನೆಯ ಹೆಸರಿರಲಿಲ್ಲ. ಲೆಕ್ಕಗಳು ನಲವತ್ತೆರಡರಿಂದ ನೇರ ನಲವತ್ತನಾಲ್ಕಕ್ಕೆ ಹೋಗುತ್ತವೆ. ಪುಸ್ತಕದ ಹೆಸರು ಈಗಲೂ 'ಎಣಿಕೆಯ ನೂರು ಲೆಕ್ಕಗಳು' ಎಂದೇ ಇದೆ.