ಖಾಲಿ ಗೂಟ ಕಂಡವನಿಗೆ ಸಿಕ್ಕಿದ್ದು ಎಚ್ಚರಿಕೆ ಪತ್ರ

ಬೆಳಗಿನ ಆರೂವರೆ. ನಾರ್ವೆ ದೇಶದ ಉತ್ತರ ಕರಾವಳಿಯಲ್ಲಿ, ಎರಡು ಕಡಿದಾದ ಬೆಟ್ಟಗಳ ನಡುವಿನ ನೀರಿನಲ್ಲಿ ಬಿಳಿಯ ಹಡಗೊಂದು ಲಂಗರು ಹಾಕಿ ನಿಂತಿದೆ. ಮೇಲಿನ ಅಂತಸ್ತುಗಳಲ್ಲಿ ನೂರ ಅರವತ್ತೆಂಟು ಪ್ರವಾಸಿಗಳು ಇನ್ನೂ ಹೊದಿಕೆಯೊಳಗಿದ್ದಾರೆ. ಕೆಳಗೆ, ನೀರಿನ ಮಟ್ಟಕ್ಕೆ ಹತ್ತಿರದ ಉದ್ದನೆಯ ಕೋಣೆಯೊಂದರಲ್ಲಿ ಸಕ್ಲೇನ್ ಪಾಷಾ ರಬ್ಬರ್ ಏಪ್ರನ್ ಕಟ್ಟಿಕೊಂಡು ಬೂಟಿನ ಅಡಿಯ ಸಂದಿಗಳಿಂದ ಪಾಚಿ ಕೀಳುತ್ತಿದ್ದಾರೆ. ಒಂದು ತೀರದ ಬೀಜ, ಮಣ್ಣು ಇನ್ನೊಂದು ತೀರಕ್ಕೆ ಹೋಗಬಾರದು ಎಂಬುದು ಇಂಥ ಹಡಗುಗಳ ನಿಯಮ. ಉಜ್ಜಬೇಕು, ಔಷಧಿ ನೀರಿನಲ್ಲಿ ಅದ್ದಬೇಕು, ಒರೆಸಬೇಕು, ನಂಬರು ನೋಡಿ ಅದರದೇ ಗೂಟಕ್ಕೆ ತೂಗುಹಾಕಬೇಕು. ಎಂಟು ಗಂಟೆಗೆ ಪ್ರವಾಸಿಗಳು ಇಳಿದು ಬರುವಾಗ ಬೂಟುಗಳು ಹೊಸದರಂತಿರಬೇಕು.

ಇದನ್ನು ನಾನು ಕಣ್ಣಾರೆ ಕಂಡಿಲ್ಲ. ಸಕ್ಲೇನ್ ತಮ್ಮ ಫೋನಿನಲ್ಲಿ ತೋರಿಸಿದ ನಾಲ್ಕು ನಿಮಿಷದ ವಿಡಿಯೊದಲ್ಲಿ ನೋಡಿದ್ದು. ನಾವು ಕೂತಿರುವುದು ದೊಡ್ಡಬಳ್ಳಾಪುರದ ಪವರ್‌ಲೂಮ್ ಶೆಡ್ಡಿನ ಬಾಗಿಲಲ್ಲಿ. ಒಳಗೆ ಎಂಟು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುತ್ತಿರುವುದರಿಂದ ಅವರು ಪ್ರತಿ ಮಾತನ್ನೂ ಸ್ವಲ್ಪ ಕೂಗಿಯೇ ಹೇಳುತ್ತಾರೆ. ರಜೆಯ ತಿಂಗಳುಗಳಿಗೆ ಹಡಗಿನವರು ಸಂಬಳ ಕೊಡುವುದಿಲ್ಲ. ಹಾಗಾಗಿ ಊರಿಗೆ ಬಂದ ಮೂರನೇ ದಿನವೇ ಹಳೆಯ ಮಾಲೀಕರ ಶೆಡ್ಡಿಗೆ ಮರಳಿದ್ದಾರೆ.

ಅವರಿಗೆ ನಲವತ್ತೊಂದು ವರ್ಷ. ಹದಿನಾರನೇ ವಯಸ್ಸಿಗೆ ಮಗ್ಗಕ್ಕೆ ನಿಂತವರು. ರೇಷ್ಮೆ ದರ ಏರಿಳಿದು ಶೆಡ್ಡುಗಳು ಒಂದೊಂದಾಗಿ ಮುಚ್ಚಿದಾಗ ದೇವನಹಳ್ಳಿ ಏರ್‌ಪೋರ್ಟ್ ಹತ್ತಿರದ ಹೋಟೆಲೊಂದರ ಲಾಂಡ್ರಿಗೆ ಸೇರಿದರು. ಅಲ್ಲಿಂದ ಏಜೆನ್ಸಿಯೊಂದರ ಮೂಲಕ ಹಡಗು. ಐದು ವರ್ಷವಾಯಿತು. ಒಂದು ಸಲ ಹೋದರೆ ಎಂಟು ತಿಂಗಳು. ವಾರದ ಏಳೂ ದಿನ, ದಿನಕ್ಕೆ ಹನ್ನೊಂದು ಗಂಟೆ ಕೆಲಸ. ದಿನಕ್ಕೆ ಎರಡು ಸಲ ಪ್ರವಾಸಿಗಳು ದಡಕ್ಕೆ ಇಳಿಯುತ್ತಾರೆ. ಎಲ್ಲರೂ ಇಳಿದ ದಿನ ಸಕ್ಲೇನ್ ಆರುನೂರ ಎಪ್ಪತ್ತೆರಡು ಬೂಟು ತೊಳೆಯುತ್ತಾರೆ. ಅವರ ಬೆರಳ ತುದಿಗಳ ಚರ್ಮ ಔಷಧಿ ನೀರಿಗೆ ಸುಲಿದು, ಮತ್ತೆ ಬೆಳೆದು, ಈಗ ಬೆರಳಚ್ಚೇ ಮಸುಕಾಗಿದೆ. ಊರಿನಲ್ಲಿ ಪಡಿತರ ತರಲು ಹೋದರೆ ಯಂತ್ರ ಅವರನ್ನು ಗುರುತಿಸುವುದಿಲ್ಲ. ಹೆಂಡತಿ ಖುಷ್ನುಮಾ ಹೋಗಿ ಹೆಬ್ಬೆಟ್ಟು ಒತ್ತಬೇಕು.

ಆ ಜಾಗ ಹೇಗಿರುತ್ತದೆ ಎಂದು ಕೇಳಿದರೆ ಸಕ್ಲೇನ್ ಊರಿನ ಬೆಟ್ಟವನ್ನೇ ತೋರಿಸುತ್ತಾರೆ. "ನಮ್ ನಂದಿ ಬೆಟ್ಟ ಇಲ್ವಾ ಸಾರ್, ಅದನ್ನ ಎರಡು ಹೋಳು ಮಾಡಿ ಮಧ್ಯಕ್ಕೆ ಸಮುದ್ರ ಬಿಟ್ರೆ ಹೆಂಗಿರುತ್ತೆ, ಹಂಗೆ. ಫ್ಯೋರ್ಡ್ ಅಂತಾರೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮರದ ಎಲೆ ಪೂರಾ ಹಳದಿ ಆಗುತ್ತೆ. ಮೇಲ್ಗಡೆ ಹಿಮ, ಕೆಳಗಡೆ ಹಳದಿ. ದೋಣಿ ಹತ್ತೋ ಬಾಗ್ಲು ತೆಗ್ದಾಗ ನಂಗೂ ಕಾಣುತ್ತೆ. ಮುಚ್ಚೋವರೆಗೂ ನೋಡ್ತೀನಿ."

ಆ ದಡದ ಮೇಲೆ ಅವರು ಎಷ್ಟು ಸಲ ಕಾಲಿಟ್ಟಿದ್ದಾರೆ? ಐದು ವರ್ಷದಲ್ಲಿ ಒಮ್ಮೆಯೂ ಇಲ್ಲ.

ಈಗ ಹೋದ ಅಕ್ಟೋಬರ್ ಮೊದಲ ವಾರದ ಆ ಮಧ್ಯಾಹ್ನಕ್ಕೆ ಬರುತ್ತೇನೆ. ನಾನು ಈ ಲೇಖನ ಬರೆಯಲು ಕೂತದ್ದೇ ಅದರಿಂದ.

ಅಂದು ಎರಡನೇ ಇಳಿತಕ್ಕೆ ನೂರ ಐವತ್ತೊಂದು ಜನ ರಬ್ಬರ್ ದೋಣಿಗಳಲ್ಲಿ ದಡಕ್ಕೆ ಹೋಗಿದ್ದರು. ಉಳಿದವರು ಹಡಗಿನಲ್ಲೇ ಇದ್ದರು. ಅವರ ಬೂಟುಗಳು ಒಣಗಿ ಗೂಟದಲ್ಲೇ ಇದ್ದವು. ಮೂರು ಗಂಟೆಯ ಹೊತ್ತಿಗೆ ಆಲಿಕಲ್ಲು ಬೆರೆತ ಮಳೆ ಶುರುವಾಯಿತು. ಎಲ್ಲರೂ ಒಟ್ಟಿಗೆ ಮರಳಿ, ಬಾಗಿಲಲ್ಲಿ ನೂಕುನುಗ್ಗಲಾಯಿತು. ಹಡಗಿಗೆ ಹತ್ತುವಾಗ ಪ್ರತಿಯೊಬ್ಬರೂ ತಮ್ಮ ಕಾರ್ಡನ್ನು ಯಂತ್ರಕ್ಕೆ ತೋರಿಸಬೇಕು. ಯಂತ್ರ ಕೂಗಿದರೆ ಆ ವ್ಯಕ್ತಿ ಹಡಗಿನಲ್ಲಿದ್ದಾರೆ ಎಂದು ಲೆಕ್ಕ. ಪರದೆಯ ಫೋಟೊವನ್ನೂ ಎದುರಿನ ಮುಖವನ್ನೂ ಕಾವಲುಗಾರ ಹೋಲಿಸಿ ನೋಡಬೇಕು. ಆ ಗಡಿಬಿಡಿಯಲ್ಲಿ ಯಾರೂ ಹೋಲಿಸಲಿಲ್ಲ.

ಸಕ್ಲೇನ್ ಬೂಟು ತೊಳೆದು ತೂಗುಹಾಕುತ್ತ ಬಂದರು. ಕೊನೆಗೆ ಒಂದು ಗೂಟ ಖಾಲಿ ಉಳಿಯಿತು. ನೂರ ಹನ್ನೆರಡು, ಹೆಂಗಸರ ಅಳತೆಯ ಬೂಟಿನದು.

"ಮಗ್ಗದಲ್ಲಿ ಸಾವಿರಾರು ಎಳೆ ಇರುತ್ತೆ ಸಾರ್. ಒಂದು ಹರಿದ್ರೆ ಆ ಸಂದು ನಮ್ ಕಣ್ಣಿಗೆ ತಾನಾಗೇ ಹೊಡಿಯುತ್ತೆ. ಹಂಗೆ ಹೊಡೀತು. ಮೊದ್ಲು ಅಂದ್ಕೊಂಡೆ, ಯಾರೋ ಬೂಟ್ ಹಾಕ್ಕೊಂಡೇ ರೂಮಿಗೆ ಹೋಗ್ಬಿಟ್ಟವ್ರೆ ಅಂತ. ಮೆಟ್ಲು ತಂಕ ಹೋಗಿ ಕಾರ್ಪೆಟ್ ನೋಡಿದೆ. ಒಂದು ತೊಟ್ಟು ಕೆಸ್ರಿಲ್ಲ. ಆಗ ಗೊತ್ತಾಯ್ತು, ಒಬ್ರು ದಡದಲ್ಲೇ ಉಳ್ಕೊಂಡವ್ರೆ ಅಂತ."

ಅವರು ತಮ್ಮ ಮೇಲ್ವಿಚಾರಕನಿಗೆ ಹೇಳಿದರು. ಆತ ಕಂಪ್ಯೂಟರ್ ನೋಡಿ, ಎಲ್ಲ ಹೆಸರೂ ಹಸಿರಾಗಿದೆ, ಎಲ್ಲರೂ ಹತ್ತಿದ್ದಾರೆ, ನಿನ್ನ ಕೆಲಸ ನೋಡು ಎಂದ. ಎರಡನೇ ಸಲ ಹೇಳಿದರು. ಎರಡನೇ ಸಲವೂ ಅದೇ ಉತ್ತರ. ಅಷ್ಟರಲ್ಲಿ ಕಾಲಡಿಯ ಕಬ್ಬಿಣ ನಡುಗತೊಡಗಿತು. ಲಂಗರಿನ ಸರಪಳಿ ಮೇಲೇಳುತ್ತಿತ್ತು.

ಒದ್ದೆ ಏಪ್ರನ್ನಿನಲ್ಲಿ ಪ್ರವಾಸಿಗಳ ಅಂತಸ್ತಿಗೆ ಕಾಲಿಡುವುದು ಅವರಿಗೆ ನಿಷಿದ್ಧ. ಸಕ್ಲೇನ್ ಅದೇ ಏಪ್ರನ್ನಿನಲ್ಲಿ ನಾಲ್ಕು ಅಂತಸ್ತು ಓಡಿ ಹತ್ತಿದರು. ಸ್ವಾಗತದ ಮೇಜಿನ ಬಳಿ ಆ ಹೊತ್ತಿನ ಅಧಿಕಾರಿ ಕೆಲವು ಪ್ರವಾಸಿಗಳ ಜೊತೆ ಮಾತಾಡುತ್ತ ನಿಂತಿದ್ದ. ಇವರನ್ನು ಕಂಡು, ಕೆಳಗೆ ಹೋಗು ಎಂದು ಬೆರಳು ತೋರಿಸಿದ.

"ನಂಗೆ ಇಂಗ್ಲಿಷ್ ಅಷ್ಟು ಬರಲ್ಲ. ಜೋರಾಗಿ ಹೇಳ್ಬಿಟ್ಟೆ: ನೂರ ಹನ್ನೆರಡು ಬೂಟ್ ಬಂದಿಲ್ಲ, ಮೇಡಂ ಬಂದಿಲ್ಲ, ಹಡಗು ನಿಲ್ಸಿ ಅಂತ. ಆತ ಕಣ್ ಬಿಟ್ಟ. ನಾನು ಮತ್ತೆ ಅದನ್ನೇ ಹೇಳಿದೆ. ಅಲ್ಲಿದ್ದೋರೆಲ್ಲ ತಿರುಗಿ ನೋಡಿದ್ರು. ಆಮೇಲೆ ಬೇರೆ ದಾರಿ ಇಲ್ದೆ ಫೋನ್ ಎತ್ತಿದ."

ಆ ನಂಬರಿನ ಮಹಿಳೆಯ ಕೋಣೆಯಲ್ಲಿ ಉತ್ತರವಿಲ್ಲ. ಧ್ವನಿವರ್ಧಕದಲ್ಲಿ ಕರೆದರೂ ಬರಲಿಲ್ಲ. ಅವರ ಜೊತೆ ಅದೇ ಕೋಣೆಯಲ್ಲಿ ತಂಗಿದ್ದ ಗೆಳತಿ ಕರೆ ಕೇಳಿ ಬಂದು, ಅವಳು ನನಗಿಂತ ಮೊದಲಿನ ದೋಣಿಯಲ್ಲೇ ಬಂದಳಲ್ಲ ಎಂದರು. ತಮ್ಮ ಜಾಕೆಟ್ ಜೇಬು ಮುಟ್ಟಿ ನೋಡಿಕೊಂಡರು. ಇಬ್ಬರ ಕಾರ್ಡೂ ಅಲ್ಲೇ ಇದ್ದವು. ಗಡಿಬಿಡಿಯಲ್ಲಿ ಎರಡನ್ನೂ ಯಂತ್ರಕ್ಕೆ ತೋರಿಸಿಬಿಟ್ಟಿದ್ದರು.

ಹಡಗು ನಿಂತಿತು. ದೋಣಿಗಳು ಮರಳಿ ದಡಕ್ಕೆ ಹೋದವು. ಒಂದು ಗಂಟೆ ನಲವತ್ತು ನಿಮಿಷ ಹುಡುಕಿದ ಮೇಲೆ, ತೀರದಿಂದ ಮೇಲೆ, ತೊರೆಯ ಪಕ್ಕದ ಬಂಡೆಯ ಮರೆಯಲ್ಲಿ ಎಪ್ಪತ್ತೊಂದು ವರ್ಷದ ಆ ಮಹಿಳೆ ಸಿಕ್ಕಿದರು. ಜಾರಿ ಬಿದ್ದು ಕಾಲಿನ ಮೂಳೆ ಮುರಿದಿತ್ತು. ಮೈ ಪೂರ್ತಿ ತೊಯ್ದಿತ್ತು, ಮಾತು ತೊದಲುತ್ತಿತ್ತು. ತಾಪಮಾನ ಎರಡು ಡಿಗ್ರಿ, ಸೂರ್ಯ ಮುಳುಗಲು ಒಂದು ಗಂಟೆಯೂ ಇರಲಿಲ್ಲ. ಇನ್ನೂ ಸ್ವಲ್ಪ ಹೊತ್ತಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಹಡಗಿನ ವೈದ್ಯರು ದೋಣಿ ನಡೆಸುವವರ ಬಳಿ ಹೇಳಿದರಂತೆ. ದೋಣಿಯವರು ಸಿಬ್ಬಂದಿಯ ಊಟದ ಕೋಣೆಯಲ್ಲಿ ಅದನ್ನು ಸಕ್ಲೇನ್‌ಗೆ ಹೇಳಿದರು. ಅಧಿಕೃತವಾಗಿ ಅವರಿಗೆ ಯಾರೂ ಏನನ್ನೂ ಹೇಳಲಿಲ್ಲ.

ಪ್ರಯಾಣದ ಕೊನೆಯ ದಿನ ಬೀಳ್ಕೊಡುಗೆ ಸಮಾರಂಭ ನಡೆಯಿತು. "ನಮ್ಮ ತಂಡದ ಜಾಗರೂಕತೆ"ಗೆ ಚಪ್ಪಾಳೆ ಬಿತ್ತು. ಕಂಪನಿಯ ನುಣುಪು ಕಾಗದದ ಪತ್ರಿಕೆಯಲ್ಲಿ ಇಡೀ ಪುಟದ ವರದಿ ಬಂತು. ಫೋಟೊದಲ್ಲಿ ನಗುತ್ತಿರುವುದು ಬೆರಳು ತೋರಿಸಿದ ಆ ಅಧಿಕಾರಿ. ಬೂಟಿನ ಪ್ರಸ್ತಾಪ ಇಡೀ ಪುಟದಲ್ಲಿ ಇಲ್ಲ. ಬೂಟು ತೊಳೆದವನ ಹೆಸರು ಎಲ್ಲಿಂದ ಬರಬೇಕು?

ಹೆಸರು ಇನ್ನೊಂದು ಕಾಗದದಲ್ಲಿ ಬಂತು. ಅನುಮತಿಯಿಲ್ಲದೆ ಕೆಲಸದ ಜಾಗ ಬಿಟ್ಟದ್ದು, ಕೊಳಕು ಬಟ್ಟೆಯಲ್ಲಿ ಪ್ರವಾಸಿಗಳ ನಡುವೆ ಕಾಣಿಸಿಕೊಂಡದ್ದು, ಮೇಲಧಿಕಾರಿಯ ಎದುರು ದನಿ ಏರಿಸಿದ್ದು. ಮೂರು ಆರೋಪ, ಒಂದು ಎಚ್ಚರಿಕೆ ಪತ್ರ, ಅದು ತಲುಪಿದೆ ಎಂಬುದಕ್ಕೆ ಕೆಳಗೆ ಸಕ್ಲೇನ್ ಸಹಿ. ಕಾರ್ಡನ್ನೂ ಮುಖವನ್ನೂ ಹೋಲಿಸದೆ ಬಿಟ್ಟ ವ್ಯವಸ್ಥೆಗೆ ಯಾವ ಪತ್ರ ಹೋಯಿತೋ ಗೊತ್ತಿಲ್ಲ. ಒಂದು ಜೀವ ಹೋಗಲಿದ್ದ ಹೊತ್ತಿನಲ್ಲಿ ಈ ಕಂಪನಿಗೆ ಕಂಡದ್ದು ಕಾರ್ಪೆಟ್ಟಿನ ಮೇಲೆ ಬಿದ್ದ ನಾಲ್ಕು ಹನಿ ನೀರು!

ಡಿಸೆಂಬರ್‌ನಲ್ಲಿ ಸಕ್ಲೇನ್ ಊರಿಗೆ ಬಂದರು. ಜನವರಿಯಲ್ಲಿ ಬೆಂಗಳೂರಿನ ಏಜೆನ್ಸಿಯಿಂದ ಕರೆ ಬಂತು. ಏಪ್ರಿಲ್‌ಗೆ ಮತ್ತೆ ಹಡಗು ಹತ್ತಬೇಕಾದರೆ ಒಂದು ತಪ್ಪೊಪ್ಪಿಗೆ ಬರೆದುಕೊಡಬೇಕು. ಇಂಗ್ಲಿಷಿನ ಒಕ್ಕಣೆಯನ್ನು ಏಜೆನ್ಸಿಯವರೇ ಸಿದ್ಧಮಾಡಿದ್ದರು: "ನನ್ನಿಂದ ತಪ್ಪಾಗಿದೆ, ಮುಂದೆ ಹೀಗೆ ಮಾಡುವುದಿಲ್ಲ."

ಆ ಕಾಗದ ಹತ್ತು ದಿನ ಮನೆಯ ಕಪಾಟಿನಲ್ಲಿತ್ತು. ಅಮ್ಮ ಬಶೀರುನ್ನೀಸಾ, ಸಹಿ ಹಾಕಿಬಿಡು ಬೇಟಾ, ದೊಡ್ಡವರ ಜೊತೆ ಯಾಕೆ ಎಂದರು. ಖುಷ್ನುಮಾ ಒಪ್ಪಲಿಲ್ಲ. ನಾನು ಮನೆಗೆ ಹೋದಾಗ ಚಹಾ ತಂದಿಟ್ಟು, ನಿಂತೇ ಕೇಳಿದರು: "ಜೀವ ಉಳ್ಸಿದ್ದಕ್ಕೆ ಕ್ಷಮೆ ಕೇಳ್ಬೇಕಾ ಅಣ್ಣ? ಇದ್ಯಾವ ನ್ಯಾಯ? ಮನೇಲಿ ಕಷ್ಟ ಇದೆ, ಇಲ್ಲ ಅನ್ನಲ್ಲ. ಆದ್ರೆ ನಾಳೆ ಮಗಳು ಈ ಕಾಗದ ಓದಿದ್ರೆ ಏನಂತ ಹೇಳೋದು?" ಮಗಳು ಫಿಝಾ ಒಂಬತ್ತನೇ ತರಗತಿ. ಅವಳು ಆ ಕಾಗದವನ್ನು ಆಗಲೇ ಓದಿದ್ದಾಳೆ. ಅಪ್ಪನಿಗೆ ಅರ್ಥ ಬಿಡಿಸಿ ಹೇಳಿದವಳೇ ಅವಳು.

ಸಕ್ಲೇನ್ ಆ ಒಕ್ಕಣೆಗೆ ಸಹಿ ಹಾಕಲಿಲ್ಲ. "ಒದ್ದೆ ಬಟ್ಟೇಲಿ ಮೇಲೆ ಹೋಗಿದ್ದು ತಪ್ಪು, ಒಪ್ಕೋತೀನಿ ಸಾರ್. ಆದ್ರೆ ಮುಂದೆ ಹಿಂಗೆ ಮಾಡಲ್ಲ ಅಂತ ಹೆಂಗೆ ಬರೀಲಿ? ಮುಂದೆ ಇನ್ಯಾರಾದ್ರೂ ಅಲ್ಲೇ ಉಳ್ಕೊಂಡ್ರೆ?" ಫಿಝಾಳಿಂದ ತಮ್ಮದೇ ಮಾತನ್ನು ಇಂಗ್ಲಿಷಿನಲ್ಲಿ ಬರೆಸಿದರು. ಕಾರ್ಪೆಟ್ ಒದ್ದೆಯಾದದ್ದಕ್ಕೆ ವಿಷಾದವಿದೆ. ಒಂದು ಜೋಡಿ ಬೂಟು ಬರದಿದ್ದರೆ ನಾನು ಮತ್ತೆ ಮೇಲೆ ಬರುತ್ತೇನೆ. ಕೆಳಗೆ ಸಹಿ.

ನಾನು ಏಜೆನ್ಸಿಗೆ ಮೂರು ಸಲ ಫೋನ್ ಮಾಡಿದೆ. ಎರಡು ಸಲ ಕಾಯಿಸಿದರು. ಮೂರನೇ ಸಲ ಸಿಕ್ಕವರು, "ಅದು ಕಂಪನಿಯ ಆಂತರಿಕ ವಿಷಯ" ಎಂದರು. ಆ ಮಹಿಳೆಗೆ ತಮ್ಮನ್ನು ಉಳಿಸಿದವರು ಯಾರೆಂದು ಹೇಳಿದ್ದೀರಾ ಎಂದು ಕೇಳಿದೆ. ಪ್ರವಾಸಿಗಳ ವಿವರ ಗೋಪ್ಯ ಎಂಬ ಉತ್ತರ ಬಂತು. ನಾನು ಕೇಳಿದ್ದು ಪ್ರವಾಸಿಯ ವಿವರವನ್ನಲ್ಲ ಎನ್ನುವಷ್ಟರಲ್ಲಿ ಫೋನ್ ಇಟ್ಟಿದ್ದರು.

ಹೋದ ವಾರ ಸಕ್ಲೇನ್ ಪತ್ರಕ್ಕೆ ಉತ್ತರ ಬಂದಿದೆ. ಕೆಲಸ ಉಂಟು. ಆದರೆ ಬೂಟಿನ ಕೋಣೆಯಲ್ಲಲ್ಲ. ನೀರಿನ ಮಟ್ಟದ ಕೆಳಗೆ, ಕಿಟಕಿಯೂ ಹೊರಬಾಗಿಲೂ ಇಲ್ಲದ ಲಾಂಡ್ರಿಯಲ್ಲಿ. ಹಳದಿ ಎಲೆಗಳನ್ನು ಕ್ಷಣಕಾಲ ತೋರಿಸುತ್ತಿದ್ದ ಬಾಗಿಲೂ ಇನ್ನು ಅವರಿಗಿಲ್ಲ. ಶಿಕ್ಷೆ ಎಂಬ ಪದವನ್ನು ಯಾರೂ ಬಳಸಿಲ್ಲ. 'ಸಿಬ್ಬಂದಿ ಮರುಹಂಚಿಕೆ' ಎಂದಿದ್ದಾರೆ. ಸಕ್ಲೇನ್ ಒಪ್ಪಿಕೊಂಡಿದ್ದಾರೆ. ಕೋಪ ಬರಲಿಲ್ಲವೇ ಎಂದು ಕೇಳಿದೆ.

"ಬಂತು ಸಾರ್. ಬರ್ದೆ ಇರುತ್ತಾ? ಆ ಪುಸ್ತಕದಲ್ಲಿ ಆತನ ಫೋಟೊ ನೋಡಿದ ದಿನ ಊಟ ಸೇರಲಿಲ್ಲ. ಆದ್ರೆ ಅವ್ರು ಹೇಳ್ದಂಗೆ ಬರೀಲಿಲ್ಲ ನಾನು. ಅಷ್ಟು ಸಾಕು."

ಶೆಡ್ಡಿನೊಳಗೆ ಯಾರೋ ಅವರ ಹೆಸರು ಹಿಡಿದು ಕೂಗುತ್ತಾರೆ. ಎದ್ದು ನಿಂತವರನ್ನು, ಆ ಕಂಪನಿಯಿಂದ ನಿಮಗೆ ಏನು ಸಿಗಬೇಕಿತ್ತು ಎಂದು ಕೇಳುತ್ತೇನೆ. ಬಹುಮಾನ, ಫೋಟೊ, ಹಳೆಯ ಜಾಗ, ಯಾವುದನ್ನೂ ಅವರು ಹೇಳುವುದಿಲ್ಲ. ಕೈಯೊರೆಸಿಕೊಳ್ಳುತ್ತ ಬೇರೊಂದು ಮಾತು ಎತ್ತುತ್ತಾರೆ.

"ಆಯಮ್ಮನ್ನ ಸ್ಟ್ರೆಚರ್ ಮೇಲೆ ತಂದಾಗ ನಾನು ಮೂಲೇಲಿ ನಿಂತಿದ್ದೆ. ಮುಖ ಸರಿಯಾಗಿ ಕಾಣ್ಲಿಲ್ಲ. ಮಾರ್ನೇ ದಿನ ಆಸ್ಪತ್ರೆಗೆ ಅಂತ ಇಳಿಸ್ಬಿಟ್ರು. ಎಷ್ಟು ಜನರ್ನ ಕೇಳಿದೆ, ಯಾರೂ ಹೇಳ್ಲಿಲ್ಲ. ಆಯಮ್ಮ ಈಗ ನಡೀತಾರಾ ಸಾರ್? ಅದೊಂದು ಗೊತ್ತಾಗ್ಬೇಕಿತ್ತು."